ಪದವೀಧರರ ಮನೆತನದಲ್ಲಿ ಪದವಿ ತೊರೆದವರು: ತ.ರಾ.ಸು.

1942ರ ಆಗಸ್ಟ್ ತಿಂಗಳು. ಮುಂಬಯಿಯಲ್ಲಿ ಕಾಂಗ್ರೆಸ್ ಮಹಾಸಮಿತಿ 'ಭಾರತ ಬಿಟ್ಟು ತೊಲಗಿ' ನಿರ್ಣಯವನ್ನು ಅಂಗೀಕರಿಸಿ ರಾತ್ರಿ ಕಳೆಯುವುದರೊಳಗೆ ನಾಯಕರೆಲ್ಲ ಸೆರೆಮನೆ ಸೇರಿದ್ದರು. ಆ ದಿನಗಳಲ್ಲಿ ಶಿವಮೊಗ್ಗೆಯಲ್ಲಿ ಇಂಟರ್‌ಮೀಡಿಯೇಟ್ ತರಗತಿಯಲ್ಲಿ ಓದುತ್ತಿದ್ದ ಚಿತ್ರದುರ್ಗ ಜಿಲ್ಲೆಯ ಯುವಕನೊಬ್ಬ ಪುಸ್ತಕ ಮಡಿಸಿಟ್ಟು ಚಳವಳಿಗೆ ಧುಮುಕಿದ. ಮತ್ತೆ ವಿದ್ಯಾರ್ಥಿಯಾಗಿ ಯಾವ ಕಾಲೇಜಿನ ಮೆಟ್ಟಿಲನ್ನೂ ಏರಲಿಲ್ಲ. ಕನ್ನಡಕ್ಕೆ 'ಹಂಸಗೀತೆ', 'ನಾಗರಹಾವು', 'ದುರ್ಗಾಸ್ತಮಾನ'ಗಳನ್ನು ಕೊಟ್ಟ ತ.ರಾ. ಸುಬ್ಬರಾಯರ ಬದುಕು ತಿರುವು ಪಡೆದದ್ದು ಅಲ್ಲಿ.

ಆ ವರ್ಷ ಕಾಲೇಜು ಬಿಟ್ಟ ಹುಡುಗರು ಮೈಸೂರು ಸಂಸ್ಥಾನದಲ್ಲಿ ಅನೇಕರಿದ್ದರು. ಸುಬ್ಬರಾಯರ ವಿಷಯದಲ್ಲಿ ಆ ತೀರ್ಮಾನಕ್ಕೆ ಬೇರೆಯದೇ ತೂಕವಿತ್ತು. ಕಾರಣ, ಅವರು ಹುಟ್ಟಿದ ಮನೆತನ. ಪದವಿಯೆಂಬುದು ಆ ಮನೆಯಲ್ಲಿ ನೌಕರಿಯ ರಹದಾರಿ ಮಾತ್ರವಾಗಿರಲಿಲ್ಲ. ಅದೇ ಮನೆತನದ ಗುರುತಾಗಿತ್ತು.

ಹಿರಿಯೂರಿನಿಂದ ಚಳ್ಳಕೆರೆ ದಾಟಿ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ ತಳುಕು ಎಂಬ ಊರು ಸಿಗುತ್ತದೆ. ಮಳೆ ಕಡಿಮೆ, ಕಲ್ಲುಗುಡ್ಡ ಹೆಚ್ಚು. ಆಂಧ್ರದ ಸೀಮೆ ಅಲ್ಲಿಗೆ ದೂರವಲ್ಲ. ಆಂಧ್ರದ ಕಡೆಯಿಂದ ಬಂದು ಈ ಊರಿನ ಶಾನುಭೋಗಿಕೆ ಹಿಡಿದು ನೆಲೆನಿಂತ ಬ್ರಾಹ್ಮಣ ಕುಟುಂಬವೊಂದರ ಮನೆಮಾತು ತೆಲುಗು. ಆ ತೆಲುಗು ಮನೆಯಿಂದಲೇ ಕನ್ನಡಕ್ಕೆ ಒಂದರ ಹಿಂದೊಂದರಂತೆ ದೊಡ್ಡ ಹೆಸರುಗಳು ಬಂದವು. ಸುಬ್ಬಣ್ಣನವರ ಮಗ ತಳುಕಿನ ವೆಂಕಣ್ಣಯ್ಯನವರು, ಅಂದರೆ ಟಿ.ಎಸ್. ವೆಂಕಣ್ಣಯ್ಯನವರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರನ್ನೂ ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಒಟ್ಟಾಗಿ ಕನ್ನಡದ ಅಶ್ವಿನೀ ದೇವತೆಗಳೆಂದು ಕರೆಯುವ ವಾಡಿಕೆಯಿತ್ತು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೆ. ಅವರ ತಮ್ಮ ತ.ಸು. ಶಾಮರಾಯರೂ ಮುಂದೆ ಕನ್ನಡದ ಪ್ರಾಧ್ಯಾಪಕರಾದರು. ಇನ್ನೊಬ್ಬ ಸೋದರ ರಾಮಸ್ವಾಮಯ್ಯನವರು ಹರಿಹರದಲ್ಲಿ ವಕೀಲರು. ಅವರ ಮತ್ತು ಸೀತಮ್ಮನವರ ಮಗ ಸುಬ್ಬರಾವ್ 1920ರ ಏಪ್ರಿಲ್ 21ರಂದು, ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ ಜನಿಸಿದರು. ತಾತನ ಹೆಸರೇ ಮೊಮ್ಮಗನಿಗೂ ಬಂತು. ತಳುಕು, ರಾಮಸ್ವಾಮಯ್ಯ, ಸುಬ್ಬರಾವ್ ಸೇರಿ ತ.ರಾ.ಸು.

ಹೀಗೆ ದೊಡ್ಡಪ್ಪ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ, ತಂದೆ ನ್ಯಾಯವಾದಿ. ಇಂಥ ಮನೆಯ ಹುಡುಗ ಬಿ.ಎ. ಮಾಡುವುದು ಪ್ರಶ್ನೆಯೇ ಅಲ್ಲದ ಸಂಗತಿ. ಹುಡುಗನನ್ನು ಬರವಣಿಗೆಗೆ ಹಚ್ಚಿದವರೂ ವೆಂಕಣ್ಣಯ್ಯನವರೇ. ಕನ್ನಡದಲ್ಲಿ ಬರೆಯಬಲ್ಲೆನೆಂದು ದೊಡ್ಡಪ್ಪನೆದುರು ಪಂತ ಕಟ್ಟಿ, ಹದಿನೇಳರ ಹರೆಯದಲ್ಲಿ ಬರೆದ 'ಪುಟ್ಟನ ಚೆಂಡು' ತ.ರಾ.ಸು. ಅವರ ಮೊದಲ ಕಥೆ. ಅದಕ್ಕೆ ಸಂಭಾವನೆಯೂ ಬಂತು. ಬರೆದರೆ ಹಣ ಬರುತ್ತದೆಂಬ ಅರಿವು ಎಳೆಯ ವಯಸ್ಸಿನಲ್ಲೇ ಮೂಡಿದ್ದು ಆತನಿಗೆ ಒಳ್ಳೆಯದನ್ನು ಮಾಡಿತೋ ಕೆಟ್ಟದ್ದನ್ನೋ ಎಂಬುದನ್ನು ಅವರ ಮುಂದಿನ ಬದುಕನ್ನು ನೋಡಿ ಓದುಗರೇ ನಿರ್ಧರಿಸಬೇಕು. ಆದರೆ 1939ರ ಫೆಬ್ರವರಿಯಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಕಾಲೇಜು ಬಿಡುವ ಗಳಿಗೆ ಬಂದಾಗ, ತಡೆದು ಬುದ್ಧಿ ಹೇಳಬಹುದಾಗಿದ್ದ ಹಿರಿಯ ದನಿಯೊಂದು ಆ ಮನೆತನದಲ್ಲಿ ಉಳಿದಿರಲಿಲ್ಲ.

ಬಯಲುಸೀಮೆಗೆ ಹಬ್ಬಿದ ಕಾವು

ತ.ರಾ.ಸು. ಅವರ ನಿರ್ಧಾರ ಒಂದು ದಿನದ ಆವೇಶದ ಫಲವಲ್ಲ. ಅದಕ್ಕೆ ಕೆಲವು ವರ್ಷಗಳ ಹಿನ್ನೆಲೆಯಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿಗರು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. ಅಲ್ಲಿಯವರೆಗೆ ಬ್ರಿಟಿಷ್ ಇಂಡಿಯಾದ ಸಂಗತಿಯೆಂದು ಸಂಸ್ಥಾನದ ಮಧ್ಯಮವರ್ಗ ತಿಳಿದಿದ್ದ ಹೋರಾಟ ಮನೆ ಬಾಗಿಲಿಗೇ ಬಂತು. ಮರುವರ್ಷ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲುಮರ ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಮೂಲವಾದ ಈಚಲನ್ನೇ ಕಡಿದು ಹಾಕುವುದೆಂದರೆ ಪಾನನಿರೋಧವೂ ಹೌದು, ಸರ್ಕಾರದ ಅಬಕಾರಿ ವರಮಾನಕ್ಕೆ ಕೊಡಲಿ ಹಾಕುವುದೂ ಹೌದು. ಕೊಡಲಿ ಹಿಡಿದ ಹಳ್ಳಿಗರು ಸಾಲುಸಾಲಾಗಿ ಬಂಧನಕ್ಕೊಳಗಾದರು.

ವಿದ್ಯಾರ್ಥಿಯಾಗಿದ್ದಾಗಲೇ ಸುಬ್ಬರಾಯರು ಈ ಗಾಳಿಗೆ ಮೈಯೊಡ್ಡಿದ್ದರು. ಜಗಳೂರಿನಲ್ಲಿ ದೇಶಭಕ್ತಿಯ ಭಾಷಣ ಮಾಡಿದ್ದಕ್ಕಾಗಿ ಸೆರೆವಾಸವನ್ನೂ ಕಂಡರು. ಬಿಡುಗಡೆಯ ನಂತರ ಶಿವಮೊಗ್ಗೆಗೆ ತೆರಳಿ ಇಂಟರ್‌ಮೀಡಿಯೇಟ್‌ಗೆ ಸೇರಿದರು. ಅಂದರೆ ಒಮ್ಮೆ ಜೈಲು ನೋಡಿದ ಮೇಲೂ ಓದಿಗೆ ಮರಳಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು. ಓದು ಬೇಡವಾಗಿ ಕಾಲೇಜು ಬಿಟ್ಟ ಪೋಕರಿಯ ಕಥೆಯಲ್ಲ ಇದು.

ಇಂದಿನ ಓದುಗರಿಗೆ ಇಂಟರ್‌ಮೀಡಿಯೇಟ್ ಎಂದರೆ ಪಿಯುಸಿ ಎಂಬ ಸರಳ ಉತ್ತರ ಹೊಳೆಯಬಹುದು. ಅಂದಿನ ವ್ಯವಸ್ಥೆ ಹಾಗಿರಲಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲೇ ಇಂಟರ್‌ಮೀಡಿಯೇಟ್ ಕಾಲೇಜುಗಳು ನಡೆಯುತ್ತಿದ್ದವು. ಎಸ್ಸೆಸ್ಸೆಲ್ಸಿ ಮುಗಿಸಿದವನು ಅಲ್ಲಿಗೆ ಸೇರಿದನೆಂದರೆ ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ದಾಟಿದಂತೆ. ಅಲ್ಲಿ ಎರಡು ವರ್ಷ, ಬಳಿಕ ಬಿ.ಎ. ಇಲ್ಲವೆ ಬಿ.ಎಸ್‌ಸಿ. ಎಸ್ಸೆಸ್ಸೆಲ್ಸಿಗೇ ಗುಮಾಸ್ತೆಯ ಕೆಲಸ ದೊರೆಯುತ್ತಿದ್ದ ಕಾಲದಲ್ಲಿ ಪದವೀಧರನಿಗೆ ತೆರೆದಿದ್ದ ಬಾಗಿಲುಗಳು ಹಲವು: ಕಂದಾಯ ಇಲಾಖೆ, ಶಿಕ್ಷಣ ಇಲಾಖೆ, ವಕೀಲಿ, ಅದೃಷ್ಟವಿದ್ದರೆ ಮೈಸೂರು ಸಿವಿಲ್ ಸರ್ವೀಸ್. ಶಾನುಭೋಗಿಕೆಯಿಂದ ಬಂದ ಕುಟುಂಬಕ್ಕೆ ಅಮಲ್ದಾರಿಯ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಬ್ಬರಾಯರಿಗೆ ಆಗ 22 ವರ್ಷ. ಸರಾಗವಾಗಿ ಓದಿದ್ದರೆ ಆ ವಯಸ್ಸಿಗೆ ಬಿ.ಎ. ಕೈಯಲ್ಲಿರಬೇಕಿತ್ತು. ಈಗಾಗಲೇ ಹಿಂದುಳಿದವನು ಮತ್ತೊಮ್ಮೆ ಬಿಟ್ಟರೆ ಹಿಂದಿರುಗುವುದು ಕಷ್ಟವೆಂಬುದು ಯಾರಿಗಾದರೂ ತಿಳಿಯುವ ಲೆಕ್ಕ.

ಆದರೆ ಆ ವರ್ಷ ಶಿವಮೊಗ್ಗೆಯ ಸುತ್ತ ಲೆಕ್ಕಾಚಾರಗಳೆಲ್ಲ ತಲೆಕೆಳಗಾಗಿದ್ದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ದಾವಣಗೆರೆಯಲ್ಲಿ ಗೋಲಿಬಾರಿಗೆ ಆರು ಮಂದಿ ಬಲಿಯಾದರು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಹಳ್ಳಿಯೇ ಸ್ವತಂತ್ರವೆಂದು ಸಾರಿ, ಊರ ಹುಡುಗರನ್ನೇ ಅಮಲ್ದಾರ ಮತ್ತು ಪೊಲೀಸ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಆಟದಂತೆ ತೋರಿದ್ದು ಸೆಪ್ಟೆಂಬರ್ ಕೊನೆಯಲ್ಲಿ ಘರ್ಷಣೆಗೆ ತಿರುಗಿತು; ನಿಜವಾದ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಅಮಲ್ದಾರನಾಗಲು ಹುಡುಗರು ಓದುತ್ತಿದ್ದ ಜಿಲ್ಲೆಯಲ್ಲೇ ಅಮಲ್ದಾರಿಕೆಯ ಅರ್ಥ ಹೀಗೆ ಬದಲಾಗುತ್ತಿತ್ತು. ಆ ವಾತಾವರಣದಲ್ಲಿ ತರಗತಿಯಲ್ಲಿ ಕುಳಿತು ಇಂಗ್ಲಿಷ್ ಪದ್ಯಕ್ಕೆ ಟಿಪ್ಪಣಿ ಬರೆದುಕೊಳ್ಳುವುದು ಎಷ್ಟು ಜನರಿಗೆ ಸಾಧ್ಯವಿತ್ತು?

ಸಾಧ್ಯವಾದವರೂ ಇದ್ದರು, ಅವರೆಲ್ಲ ಹೇಡಿಗಳೆಂದು ಭಾವಿಸುವುದು ಅನ್ಯಾಯ. ಇದೇ ಚಿತ್ರದುರ್ಗದ ನಿಜಲಿಂಗಪ್ಪನವರ ಉದಾಹರಣೆ ಕಣ್ಣೆದುರಿಗಿದೆ. ಅವರು ಕಾಲೇಜು ಓದುತ್ತಿದ್ದ ಕಾಲದಲ್ಲೂ ಗಾಂಧೀಜಿಯವರ ಅಸಹಕಾರದ ಕರೆ ದೇಶವನ್ನು ಕಲಕಿತ್ತು. ಅವರು 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ., 1926ರಲ್ಲಿ ಪುಣೆಯಿಂದ ಕಾನೂನು ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿ, ಆ ಮೇಲೆ ಹೋರಾಟದ ಮುಂಚೂಣಿಗೆ ಬಂದರು. ಮುಂದೆ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಓದು ಮುಗಿಸಿ ಹೋರಾಡಿದವರು, ಓದು ಬಿಟ್ಟು ಹೋರಾಡಿದವರು, ಇಬ್ಬರನ್ನೂ ಒಂದೇ ಕೋಟೆಯ ನೆರಳು ಬೆಳೆಸಿದೆ.

ಚಂದ್ರವಳ್ಳಿಯ ಬಂಡೆ ಹೇಳುವುದು

ಚಿತ್ರದುರ್ಗದ ಮಟ್ಟಿಗೆ ವಿದ್ಯೆಯನ್ನು ನಡುವೆ ಬಿಟ್ಟು ಬಂದವನ ಕಥೆ ಹೊಸತೂ ಅಲ್ಲ. ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕೆರೆಯ ಶಾಸನವಿದೆ, 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದರು. ಈ ಮಯೂರಶರ್ಮ ತಾತ ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ, ಅಂದರೆ ಆ ಕಾಲದ ವಿಶ್ವವಿದ್ಯಾನಿಲಯಕ್ಕೆ, ಓದಲು ಹೋದವನು. ಅಲ್ಲಿ ಪಲ್ಲವರ ಅಶ್ವಸೈನಿಕನೊಂದಿಗೆ ಜಗಳವಾಯಿತು. ಅವಮಾನಿತನಾದ ವಿದ್ಯಾರ್ಥಿ ದರ್ಭೆ ಬಿಟ್ಟು ಖಡ್ಗ ಹಿಡಿದ ಎಂದು ತಾಳಗುಂದದ ಕಂಬದ ಶಾಸನ ಹೇಳುತ್ತದೆ. ಓದು ನಿಂತಿತು, ರಾಜ್ಯ ಹುಟ್ಟಿತು. ತಾಳಗುಂದವೂ ಈಸೂರೂ ಒಂದೇ ಶಿಕಾರಿಪುರ ತಾಲ್ಲೂಕಿನಲ್ಲಿವೆ ಎಂಬುದು ಕಾಕತಾಳೀಯ. ಅದಕ್ಕೆ ಇಲ್ಲದ ಅರ್ಥ ಹಚ್ಚಬೇಕಾಗಿಲ್ಲ. ಆದರೆ ಚಿತ್ರದುರ್ಗದ ಶಾಲಾ ಮಕ್ಕಳು ಈ ಕಥೆ ಕೇಳುತ್ತಲೇ ಬೆಳೆಯುತ್ತಾರೆ. ದುರ್ಗದ ಕಲ್ಲುಗಳಿಂದಲೇ ಕಥೆ ಹೆಕ್ಕಿದ ತ.ರಾ.ಸು. ತಮ್ಮ ಒಂದು ಕಾದಂಬರಿಗೆ ಇಟ್ಟ ಹೆಸರು 'ಚಂದವಳ್ಳಿಯ ತೋಟ'.

ರಾಜ್ಯ ಕಟ್ಟಿದವನ ಹೆಸರು ಬಂಡೆಯ ಮೇಲೆ ಉಳಿಯುತ್ತದೆ. 1942ರಲ್ಲಿ ಕಾಲೇಜು ಬಿಟ್ಟವರೆಲ್ಲ ತ.ರಾ.ಸು. ಆಗಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ಬಿಡುಗಡೆಯಾದ ಮೇಲೆ ಕೆಲವರು ಮರಳಿ ಸೇರಿ ಪದವಿ ಪಡೆದರು. ಕೆಲವರು ಊರಿಗೆ ಹಿಂತಿರುಗಿ ಜಮೀನು, ಅಂಗಡಿ ನೋಡಿಕೊಂಡರು. 1972ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆ ಆರಂಭಿಸಿದಾಗ ಸಾಮಾನ್ಯವಾಗಿ ಆರು ತಿಂಗಳಾದರೂ ಸೆರೆವಾಸ ಅನುಭವಿಸಿರಬೇಕೆಂಬ ನಿಯಮವಿತ್ತು. ಎರಡು ಮೂರು ತಿಂಗಳು ಜೈಲಿನಲ್ಲಿದ್ದು ಓದಿನ ವರ್ಷವನ್ನು ಕಳೆದುಕೊಂಡ ಹುಡುಗನಿಗೆ ಇತ್ತ ಪದವಿಯೂ ಇಲ್ಲ, ಅತ್ತ ಆ ಪಿಂಚಣಿಯೂ ಇಲ್ಲ. ಯಶಸ್ವಿಯಾದವನ ಜೀವನಚರಿತ್ರೆ ಓದುವಾಗ ಈ ಮರೆತ ಹುಡುಗರನ್ನು ನೆನೆಯದಿದ್ದರೆ ಲೆಕ್ಕ ತಪ್ಪುತ್ತದೆ.

ತ.ರಾ.ಸು. ಅವರಿಗೂ ಸೆರೆ ತಪ್ಪಲಿಲ್ಲ. ಚಳವಳಿಯಲ್ಲಿ ಬಂಧಿತರಾಗಿ, ವರ್ಷಾಂತ್ಯದ ಹೊತ್ತಿಗೆ ಬಿಡುಗಡೆ ಹೊಂದಿದರು. ಹೊರಬಂದವರ ಮುಂದೆ ಎರಡು ದಾರಿಗಳಿದ್ದವು. ಕಾಲೇಜಿಗೆ ಮರಳುವುದು ಒಂದು. ಅವರು ಹಿಡಿದದ್ದು ಇನ್ನೊಂದನ್ನು. ನಿಜವಾದ ತೀರ್ಮಾನ ನಡೆದದ್ದು ಆಗಸ್ಟ್‌ನ ಜನಸಮೂಹದ ನಡುವೆ ಅಲ್ಲ, ಚಳವಳಿಯ ಅಬ್ಬರ ಇಳಿದ ಈ ಹೊತ್ತಿನಲ್ಲಿ ಎಂಬುದು ಈ ಲೇಖಕನ ಅಭಿಪ್ರಾಯ. ಸಾವಿರ ಜನ ಒಟ್ಟಿಗೆ ಬಿಡುವಾಗ ಬಿಡುವುದು ಸುಲಭ. ಜೊತೆಗಾರರು ಮರಳಿ ಶುಲ್ಕ ಕಟ್ಟುವಾಗ ಕಟ್ಟದೆ ಉಳಿಯುವುದಕ್ಕೆ ಬೇರೆ ಬಗೆಯ ಗಟ್ಟಿತನ ಬೇಕು, ಇಲ್ಲವೆ ಬೇರೆ ಬಗೆಯ ಹಟ.

ಲೇಖನಿಯೇ ಸಂಬಳ

ಪದವಿಯಿಲ್ಲದ ಬರಹಗಾರನಿಗೆ ಅಂದು ತೆರೆದಿದ್ದ ಬಾಗಿಲು ಪತ್ರಿಕೆಯದು. 'ವಾಹಿನಿ', ಬಿ.ಎನ್. ಗುಪ್ತರ 'ಪ್ರಜಾಮತ', 'ಕಹಳೆ' ಮೊದಲಾದ ಪತ್ರಿಕೆಗಳಲ್ಲಿ ಸುಬ್ಬರಾಯರು ದುಡಿದರು. ಕನ್ನಡ ಪತ್ರಿಕೆಗಳ ಸಂಬಳ ಆಗ ಹೇಗಿತ್ತೆಂದು ವೃತ್ತಿಯ ಹಿರಿಯರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಆದರೆ ಕೆಲಸ ಕಲಿಸುವುದರಲ್ಲಿ ಪತ್ರಿಕಾಲಯಕ್ಕೆ ಸಮನಾದ ಶಾಲೆಯಿಲ್ಲ. ಅಚ್ಚಿನ ಮೊಳೆ ಕಾಯುತ್ತಿರುವಾಗ ಬರೆದು ಮುಗಿಸುವ ಅಭ್ಯಾಸ, ಓದುಗ ಎಲ್ಲಿ ಹಾಳೆ ತಿರುವುತ್ತಾನೆ, ಎಲ್ಲಿ ಮಡಿಸಿಡುತ್ತಾನೆ ಎಂಬ ಅಂದಾಜು ಅಲ್ಲಿ ಬರುತ್ತವೆ. ತ.ರಾ.ಸು. ಕಾದಂಬರಿಗಳ ಅಧ್ಯಾಯಗಳು ಮುಗಿಯುವ ರೀತಿಯನ್ನು ಬಲ್ಲವರಿಗೆ ಇದರ ಗುರುತು ಸಿಕ್ಕೇ ಸಿಗುತ್ತದೆ.

ಪತ್ರಿಕಾವೃತ್ತಿಯಿಂದ ಅವರು ಕ್ರಮೇಣ ಪೂರ್ಣಾವಧಿ ಬರವಣಿಗೆಗೆ ಹೊರಳಿದರು. 'ಮನೆಗೆ ಬಂದ ಮಹಾಲಕ್ಷ್ಮಿ' ಅವರ ಮೊದಲ ಕಾದಂಬರಿ. ಅಷ್ಟರಲ್ಲಿ ಅ.ನ. ಕೃಷ್ಣರಾಯರ ನೇತೃತ್ವದಲ್ಲಿ ಪ್ರಗತಿಶೀಲ ಸಾಹಿತ್ಯ ಚಳವಳಿ ರೂಪು ತಳೆದಿತ್ತು. ನಿರಂಜನ, ಬಸವರಾಜ ಕಟ್ಟೀಮನಿಯವರಂತೆ ತ.ರಾ.ಸು. ಅವರೂ ಅದರ ಮುಂಚೂಣಿಗೆ ಬಂದರು. ಈ ಗುಂಪಿನ ಪ್ರಮುಖರಲ್ಲಿ ಹಲವರು ವಿಶ್ವವಿದ್ಯಾನಿಲಯದಿಂದಲ್ಲ, ಪತ್ರಿಕೆಯ ಮೇಜಿನಿಂದ ಸಾಹಿತ್ಯಕ್ಕೆ ಬಂದವರು ಎಂಬುದು ಆಕಸ್ಮಿಕವಲ್ಲ. ನವೋದಯದ ಹಿರಿಯರು ಹೆಚ್ಚಾಗಿ ಕಾಲೇಜು ಅಧ್ಯಾಪಕರು ಇಲ್ಲವೆ ಸರ್ಕಾರಿ ಅಧಿಕಾರಿಗಳಾಗಿದ್ದರು; ತಿಂಗಳ ಸಂಬಳದ ಆಸರೆಯಲ್ಲಿ ಕವಿತೆ ಬರೆಯುವ ನೆಮ್ಮದಿ ಅವರಿಗಿತ್ತು. ಪ್ರಗತಿಶೀಲರು ಬರೆದರೆ ಊಟ. ಅವರ ಕಾದಂಬರಿಗಳಿಗೆ ಬೀದಿ, ವಠಾರ, ವೇಶ್ಯಾಗೃಹ, ಗಿರಣಿ ಬಂದದ್ದಕ್ಕೆ ಸಿದ್ಧಾಂತ ಎಷ್ಟು ಕಾರಣವೋ ಅವರು ಬದುಕಿದ ಬದುಕೂ ಅಷ್ಟೇ ಕಾರಣ.

ಹೀಗೆ ಬರೆದು ಬದುಕುವುದರ ಬೆಲೆಯನ್ನೂ ಅವರು ತೆತ್ತರು. ಅರವತ್ತಕ್ಕೂ ಮಿಕ್ಕಿ ಪುಸ್ತಕಗಳು ಬಂದವು. ಎಲ್ಲವೂ ಒಂದೇ ಮಟ್ಟದವಲ್ಲ. ಅವಸರದಲ್ಲಿ ಬರೆದದ್ದು, ಪ್ರಕಾಶಕರ ಒತ್ತಾಯಕ್ಕೆ ಎಳೆದದ್ದು ಎಂದು ಓದುವಾಗಲೇ ತಿಳಿಯುವಂಥವೂ ಇವೆ. ವಿಮರ್ಶಕರು ಈ ಗುಂಪನ್ನು ಜನಪ್ರಿಯರೆಂಬ ಒಂದೇ ಪದದಲ್ಲಿ ಬದಿಗೆ ಸರಿಸಿದ್ದೂ ಉಂಟು. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಯಾವ ಕನ್ನಡ ಪ್ರಾಧ್ಯಾಪಕರ ವಲಯಕ್ಕೆ ಸೇರಿದ್ದರೋ ಆ ವಲಯದಿಂದಲೇ ಇಂಥ ಮಾತು ಬರುವಾಗ ಅದು ಉಳಿದವರಿಗಿಂತ ತ.ರಾ.ಸು. ಅವರಿಗೆ ಹೆಚ್ಚು ತಾಗಿದ್ದರೆ ಆಶ್ಚರ್ಯವಿಲ್ಲ. ಸಂಬಳದ ಕುರ್ಚಿಯಲ್ಲಿ ಕುಳಿತು ಹತ್ತು ವರ್ಷಕ್ಕೊಂದು ಕಾದಂಬರಿ ಬರೆದಿದ್ದರೆ ಅವರ ಹೆಸರು ಬೇರೆ ಕಪಾಟಿನಲ್ಲಿರುತ್ತಿತ್ತೇನೋ. ಆದರೆ ಬಾಡಿಗೆ ಗ್ರಂಥಾಲಯಗಳಲ್ಲಿ ಪುಟ ಹರಿಯುವವರೆಗೆ ಕೈಯಿಂದ ಕೈಗೆ ಹೋದ ಕಾದಂಬರಿಗಳು ಆಗ ಬರುತ್ತಿರಲಿಲ್ಲ.

ದುರ್ಗವೇ ವಿಶ್ವವಿದ್ಯಾನಿಲಯ

ಪದವಿಯಿಲ್ಲದ ಈ ಲೇಖಕ ಕನ್ನಡಿಗರಿಗೆ ಕಲಿಸಿದ್ದು ಇತಿಹಾಸವನ್ನು. ಅದಕ್ಕೆ ಅವರು ಹೋದದ್ದು ದೆಹಲಿಗೂ ಅಲ್ಲ, ಹಂಪಿಗೂ ಅಲ್ಲ. ತಮ್ಮದೇ ಜಿಲ್ಲೆಯ ಪಾಳೆಯಗಾರರ ಕಡೆಗೆ. ಚಿತ್ರದುರ್ಗದ ನಾಯಕ ವಂಶದ ಮೂಲಪುರುಷ ಮತ್ತಿ ತಿಮ್ಮಣ್ಣನಾಯಕ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನ ಪಡೆದನೆಂಬುದು ಪಾರಂಪರಿಕ ವೃತ್ತಾಂತ. ಹೊಸದುರ್ಗದ ಬೆಟ್ಟದ ಕೋಟೆಯನ್ನು ಕಟ್ಟಿಸಿದವನು ಇದೇ ವಂಶದ ಚಿಕ್ಕಣ್ಣನಾಯಕ. ಈ ಊರುಗಳು ತಾಲ್ಲೂಕು ಕೇಂದ್ರಗಳಾಗುವ ಮುನ್ನ ಏನಾಗಿದ್ದವು ಎಂಬ ಕುತೂಹಲವನ್ನು ಸಾಮಾನ್ಯ ಓದುಗರಲ್ಲಿ ಹುಟ್ಟಿಸಿದವರು ತ.ರಾ.ಸು.

'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರರಲ್ಲಿ ಅರಮನೆಯ ಒಳಸಂಚು, ದಳವಾಯಿ ಮುದ್ದಣ್ಣನ ದರ್ಪ, ಅದರ ಪತನ ಎಲ್ಲವೂ ನಾಟಕದಂತೆ ಸಾಗುತ್ತವೆ. 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಅದೇ ಮಾಲೆಯ ಮುಂದಿನ ಮಣಿಗಳು. ದೊಡ್ಡ ಸಾಮ್ರಾಜ್ಯಗಳ ವೈಭವವನ್ನೇ ಇತಿಹಾಸವೆಂದುಕೊಂಡಿದ್ದ ಕಾಲದಲ್ಲಿ ಬಯಲುಸೀಮೆಯ ಒಂದು ಬೇಡ ಪಾಳೆಯಪಟ್ಟಿನ ಮೇಲೆ ಇಷ್ಟು ಕಾದಂಬರಿಗಳನ್ನು ಬರೆಯುವುದು ಸಣ್ಣ ಧೈರ್ಯವಲ್ಲ.

'ಹಂಸಗೀತೆ' ಇವುಗಳಿಂದ ಬೇರೆ ನಿಲ್ಲುತ್ತದೆ. ಭೈರವಿ ವೆಂಕಟಸುಬ್ಬಯ್ಯನೆಂಬ ಚಿತ್ರದುರ್ಗದ ಗಾಯಕ, ತನ್ನ ಸಂಗೀತವನ್ನು ಅಧಿಕಾರದ ಆಜ್ಞೆಗೆ ಒಪ್ಪಿಸಲಾರದ ಕಲಾವಿದ, ಅದರ ನಾಯಕ. ಅದನ್ನು ಆಧರಿಸಿ 1956ರಲ್ಲಿ ಹಿಂದಿಯ 'ಬಸಂತ್ ಬಹಾರ್' ಬಂತು. ಭೀಮಸೇನ ಜೋಶಿ ಮತ್ತು ಮನ್ನಾ ಡೇ ಒಟ್ಟಿಗೆ ಹಾಡಿದ ಜುಗಲ್‌ಬಂದಿಯಿಂದ ಆ ಚಿತ್ರ ಇಂದಿಗೂ ನೆನಪಿನಲ್ಲಿದೆ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನೇ ಕನ್ನಡಕ್ಕೆ ತಂದರು. ಅದರ ಗಾಯನಕ್ಕಾಗಿ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಇನ್ನು 'ನಾಗರಹಾವು'. ಆ ಕಾದಂಬರಿಯನ್ನೂ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'ಗಳನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರ ಕೊನೆಯಲ್ಲಿ ತೆರೆಗೆ ತಂದ ಚಿತ್ರ ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿಸಿತು, ಒನಕೆ ಓಬವ್ವನನ್ನು ನಾಡಿನ ಮನೆಮನೆಗೂ ತಲುಪಿಸಿತು. ಚಿತ್ರದುರ್ಗದ ಕೋಟೆಗೆ ಈಗಲೂ ಹೋಗುವವರು ಪಾಳೆಯಗಾರರನ್ನು ಹುಡುಕುವಷ್ಟೇ ಉತ್ಸಾಹದಿಂದ ರಾಮಾಚಾರಿ ನಿಂತ ಬಂಡೆಗಳನ್ನೂ ಹುಡುಕುತ್ತಾರೆ. ಕಾಲೇಜಿನಲ್ಲಿ ನಕಲು ಹೊಡೆದು ಸಿಕ್ಕಿಬಿದ್ದು, ಎಲ್ಲರೆದುರು ಅವಮಾನಿತನಾಗಿ, ಪ್ರಿನ್ಸಿಪಾಲರನ್ನೇ ರಾತ್ರಿ ಕಂಬಕ್ಕೆ ಕಟ್ಟಿ ಸೇಡು ತೀರಿಸಿಕೊಳ್ಳುವ ಹುಡುಗ ಅವನು. ಕನ್ನಡದ ಅತ್ಯಂತ ಪ್ರಸಿದ್ಧ ಕಾಲ್ಪನಿಕ ವಿದ್ಯಾರ್ಥಿಯನ್ನು ಸೃಷ್ಟಿಸಿದವರು ಸ್ವತಃ ಓದು ಪೂರೈಸದ ಲೇಖಕ! ಹಾಗೆಂದು ರಾಮಾಚಾರಿಯಲ್ಲಿ ಲೇಖಕರ ಆತ್ಮಚಿತ್ರ ಹುಡುಕುವುದು ಸಲ್ಲದು. ಅವನು ಕಾಲೇಜಿನಿಂದ ದೂರವಾದದ್ದು ರೋಷದಿಂದ. ಇವರು ಬಿಟ್ಟದ್ದು ದೇಶದ ಕರೆಗೆ. ಆದರೂ ಆ ಪೋಕರಿ ಹುಡುಗ ತಲೆಬಾಗುವುದು ಒಬ್ಬನಿಗೆ ಮಾತ್ರ, ಅದೂ ಪ್ರಿನ್ಸಿಪಾಲರಿಗಲ್ಲ, ಬಡ ಶಾಲಾ ಮೇಷ್ಟ್ರು ಚಾಮಯ್ಯನವರಿಗೆ. ಸಂಸ್ಥೆಯ ಮೇಲೆ ನಂಬಿಕೆ ಹೋದರೂ ಗುರುವಿನ ಮೇಲೆ ಹೋಗದಿರುವ ಈ ಭಾವ ವೆಂಕಣ್ಣಯ್ಯನವರ ಮನೆತನದಿಂದ ಬಂದವರ ಲೇಖನಿಗೆ ಸಹಜವೆನಿಸುತ್ತದೆ. ಅಂದ ಹಾಗೆ, ಪುಟ್ಟಣ್ಣನವರ ಚಿತ್ರ ಲೇಖಕರಿಗೆ ಹಿಡಿಸಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂಬ ಅವರ ಅಸಮಾಧಾನ ಗಾಂಧಿನಗರದಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಮಾತು.

ದುರ್ಗದ ಮಾಲೆಯ ಕೊನೆಯ ಮಣಿಗೆ ಓದುಗರು ಬಹುಕಾಲ ಕಾಯಬೇಕಾಯಿತು. 1779ರಲ್ಲಿ ಹೈದರಾಲಿಯ ವಶವಾದ ಕೋಟೆ, ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದ ಕೊನೆಯ ಮದಕರಿನಾಯಕ, ಊರು ಬಿಡಿಸಿ ಸಾಗಿಸಲಾದ ಸುಮಾರು 20,000 ಬೇಡರು. ಇತಿಹಾಸದ ಗ್ರಂಥಗಳಲ್ಲಿ ಕೆಲವು ಸಾಲುಗಳಲ್ಲಿ ಮುಗಿಯುವ ಈ ಸಂಗತಿ 1982ರಲ್ಲಿ 'ದುರ್ಗಾಸ್ತಮಾನ'ವೆಂಬ ಬೃಹತ್ ಕಾದಂಬರಿಯಾಯಿತು. ಸೋಲುವುದು ಖಚಿತವೆಂದು ಮೊದಲ ಪುಟದಿಂದಲೇ ಗೊತ್ತಿರುವ ಕಥೆಯಲ್ಲಿ ಓದುಗನನ್ನು ಕೊನೆಯವರೆಗೂ ಹಿಡಿದಿಡುವುದು ಕಠಿಣ ಕೆಲಸ. ಅಲ್ಲಿ ಅವಸರದ ಬರವಣಿಗೆಯ ಸುಳಿವಿಲ್ಲ. ಜೀವನವಿಡೀ ಗಡುವಿಗೆ ಬರೆದವರು ಇದೊಂದನ್ನು ತಮ್ಮ ಲೆಕ್ಕಕ್ಕೆ ಬರೆದಂತಿದೆ.

1984ರ ಏಪ್ರಿಲ್ 10ರಂದು, 64 ತುಂಬಲು ಹನ್ನೊಂದು ದಿನಗಳಿರುವಾಗ, ತ.ರಾ.ಸು. ನಿಧನರಾದರು. 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಬಂತು. ಪುಟ್ಟಣ್ಣ ಕಣಗಾಲರು ಅರ್ಧಕ್ಕೆ ಬಿಟ್ಟು ತೀರಿಕೊಂಡ 'ಮಸಣದ ಹೂವು' ಚಿತ್ರ ಕೂಡ ಅದೇ ವರ್ಷ ತೆರೆ ಕಂಡಿತು. ಅದನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ. 1993ರಲ್ಲಿ ರಾಜಕುಮಾರ್ ಅಭಿನಯದ 'ಆಕಸ್ಮಿಕ' ಬಂದಾಗ, ಅದಕ್ಕೆ ಆಧಾರವಾದ ಮೂರು ಕಾದಂಬರಿಗಳನ್ನು ಬರೆದವರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.